ಹಗಲುಗನಸು: ಪದವನ್ನು ಅರಿತು ಬಳಸಲು ಒಂದು ಸಮಗ್ರ ಮಾರ್ಗದರ್ಶಿ

"ನನಗೆ ರಾತ್ರಿ ಕನಸು ಬಿತ್ತು." "ಅವನು ತರಗತಿಯಲ್ಲಿ ಕುಳಿತು ಹಗಲುಗನಸು ಕಾಣುತ್ತಿದ್ದ." ಈ ಎರಡು ವಾಕ್ಯಗಳ ಕ್ರಿಯಾಪದಗಳನ್ನು ಅದಲುಬದಲು ಮಾಡಿ ನೋಡಿ. "ನಾನು ರಾತ್ರಿ ಕನಸು ಕಂಡೆ" ಎಂಬುದು ನಡೆಯುತ್ತದೆ. "ಅವನಿಗೆ ತರಗತಿಯಲ್ಲಿ ಹಗಲುಗನಸು ಬಿತ್ತು" ಎಂಬುದು ನಡೆಯುವುದಿಲ್ಲ. ಕನ್ನಡ ಕಿವಿ ಅದನ್ನು ಒಪ್ಪುವುದಿಲ್ಲ. ಈ ಒಪ್ಪದಿರುವಿಕೆಯಲ್ಲಿಯೇ ಹಗಲುಗನಸು ಎಂಬ ಪದದ ಅರ್ಥದ ಮುಕ್ಕಾಲು ಪಾಲು ಅಡಗಿದೆ ಎಂಬುದು ನನ್ನ ನಂಬಿಕೆ.

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕನ್ನಡ ಪ್ರಬಂಧಗಳನ್ನು ತಿದ್ದುವುದು ನನ್ನ ಕೆಲಸ. ಕರ್ನಾಟಕದ ನಾನಾ ಜಿಲ್ಲೆಗಳಿಂದ ಬಂದು ಇಲ್ಲಿ ಕೋಣೆ ಹಿಡಿದು ಓದುವ ಹುಡುಗ ಹುಡುಗಿಯರ ಬರಹದಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ: ನಿರುದ್ಯೋಗದ ಬಗ್ಗೆ ಬರೆದರೂ, ನೀರಾವರಿಯ ಬಗ್ಗೆ ಬರೆದರೂ, ಯುವಜನರ ಬಗ್ಗೆ ಬರೆದರೂ. ಹಲವು ಸಲ ಅದು ಬರಬಾರದ ಜಾಗದಲ್ಲಿ ಬರುತ್ತದೆ. ವ್ಯಾಕರಣದ ತಪ್ಪಾದರೆ ಒಂದು ಅಂಕ ಹೋಗುತ್ತದೆ, ಅಷ್ಟೇ. ಆದರೆ ಈ ಪದವನ್ನು ತಪ್ಪು ಜಾಗದಲ್ಲಿಟ್ಟರೆ ನ್ಯಾಯ ಕೇಳುವವನನ್ನು ಸೋಮಾರಿ ಎಂದು ಕರೆದಂತಾಗುತ್ತದೆ. ಆದ್ದರಿಂದಲೇ ಒಂದೇ ಒಂದು ಪದಕ್ಕೆ ಇಷ್ಟು ದೀರ್ಘವಾದ ಮಾರ್ಗದರ್ಶಿ ಬರೆಯುತ್ತಿದ್ದೇನೆ. ಪ್ರಬಂಧ ಬರೆಯುವವರು, ಸುದ್ದಿ ಬರೆಯುವವರು, ಅನುವಾದಕರು ಮತ್ತು ಶಾಲಾ ಶಿಕ್ಷಕರು ನನ್ನ ಕಣ್ಣ ಮುಂದಿದ್ದಾರೆ.

ಮೊದಲ ಹೆಜ್ಜೆ: ಪದವನ್ನು ಬಿಡಿಸಿ, ಕಾಗುಣಿತವನ್ನು ಗಟ್ಟಿ ಮಾಡಿಕೊಳ್ಳಿ

ಹಗಲು ಮತ್ತು ಕನಸು ಸೇರಿದಾಗ ಹಗಲುಗನಸು. ಉತ್ತರಪದದ ಆರಂಭದ ಕಕಾರಕ್ಕೆ ಗಕಾರ ಬಂದಿದೆ, ಅಂದರೆ ಆದೇಶ ಸಂಧಿ. ಮಳೆಗಾಲ, ಹುಲ್ಲುಗಾವಲು, ಬಿಸಿಲುಗುದುರೆ ಇವೆಲ್ಲ ಇದೇ ಜಾಡಿನವು. ಸಮಾಸದ ದೃಷ್ಟಿಯಿಂದ "ಹಗಲಿನಲ್ಲಿ ಕನಸು" ಎಂದು ಬಿಡಿಸಿದರೆ ಸಪ್ತಮೀ ತತ್ಪುರುಷ, "ಹಗಲಿನ ಕನಸು" ಎಂದರೆ ಷಷ್ಠೀ. ಹೇಗೆ ಬಿಡಿಸಿದರೂ ತತ್ಪುರುಷವೇ.

ಬರೆಯುವಾಗ ಎರಡು ರೂಪಗಳು ಸರಿ. ಒಂದೇ ಪದವಾಗಿ "ಹಗಲುಗನಸು", ಅಥವಾ ಬಿಡಿಯಾಗಿ "ಹಗಲು ಕನಸು". ತಪ್ಪಾಗುವುದು ಈ ಎರಡರ ನಡುವಿನ "ಹಗಲು ಗನಸು". ಗನಸು ಎಂಬ ಪದ ಕನ್ನಡದಲ್ಲಿಲ್ಲ. ನಡುವೆ ಜಾಗ ಬಿಟ್ಟ ಕ್ಷಣವೇ ಸಂಧಿ ಮುರಿಯುತ್ತದೆ, ಕಕಾರ ತನ್ನ ಮೂಲ ರೂಪಕ್ಕೆ ಮರಳಬೇಕು. ಮೊಬೈಲ್‌ನಲ್ಲಿ ಬೆರಳಚ್ಚು ಮಾಡುವವರು ಈ ತಪ್ಪನ್ನು ಹೆಚ್ಚಾಗಿ ಮಾಡುತ್ತಾರೆ. ಪುಟದಲ್ಲಿ ಸಾಲು ಮುರಿಯುವಾಗ ಅಡ್ಡಗೆರೆ ಹಾಕಿ "ಹಗಲು-ಗನಸು" ಮಾಡುವುದನ್ನೂ ಕರಡು ತಿದ್ದುವವರು ತಡೆಯಬೇಕು. ನನ್ನ ಆಯ್ಕೆ ಒಂದೇ ಪದದ ರೂಪ. ಏಕೆಂದರೆ ಬಿಡಿಯಾಗಿ ಬರೆದಾಗ ಓದುಗನಿಗೆ ಕ್ಷಣಕಾಲ "ಹಗಲು ಹೊತ್ತಿನಲ್ಲಿ ಬಿದ್ದ ಯಾವುದೋ ಕನಸು" ಎಂಬ ಅರ್ಥ ಹೊಳೆದು ಹೋಗುತ್ತದೆ.

ವಿಭಕ್ತಿಗಳು ಕನಸು ಪದದಂತೆಯೇ: ಹಗಲುಗನಸನ್ನು, ಹಗಲುಗನಸಿನಿಂದ, ಹಗಲುಗನಸಿಗೆ, ಹಗಲುಗನಸಿನ, ಹಗಲುಗನಸಿನಲ್ಲಿ. ಬಹುವಚನ ಹಗಲುಗನಸುಗಳು. ಹಗಲುಗನಸುಗಾರ ಎಂಬ ರೂಪ ಕಟ್ಟಬಹುದು, ಆದರೆ ನಾಲಿಗೆಗೆ ಭಾರ. "ಹಗಲುಗನಸು ಕಾಣುವವನು" ಎಂದರೆ ಸಾಕು. "ಹಗಲುಸ್ವಪ್ನ" ಎಂದು ಬರೆಯುವವರೂ ಇದ್ದಾರೆ. ಅದು ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದ ಅರಿಸಮಾಸ. ಅದರ ಅಗತ್ಯವೇ ಇಲ್ಲ.

ಪದದ ಎರಡೂ ಅರ್ಧಗಳು ಅಚ್ಚಗನ್ನಡದವು, ಹಳೆಯವು. ಹಗಲು ಹಳಗನ್ನಡದಲ್ಲಿ ಪಗಲ್ ಆಗಿತ್ತು, ತಮಿಳಿನಲ್ಲಿ ಇಂದಿಗೂ ಪಗಲ್. ಕನಸಿಗೆ ತಮಿಳಿನಲ್ಲಿ ಕನವು, ತುಳುವಿನಲ್ಲಿ ಕನ, ತೆಲುಗಿನಲ್ಲಿ ಕಲ. ನಿದ್ದೆಯಲ್ಲಿ ಬಡಬಡಿಸುವುದಕ್ಕೆ ನಾವು ಹೇಳುವ ಕನವರಿಸು ಕೂಡ ಕನಸಿನ ಒಡಹುಟ್ಟಿದ ಪದವೇ. ತಮಿಳರು ಪಗಲ್ ಕನವು, ತೆಲುಗರು ಪಗಟಿ ಕಲ ಎನ್ನುತ್ತಾರೆ. ಅಂದರೆ ಈ ಕಲ್ಪನೆಗೆ ಹಗಲನ್ನೂ ಕನಸನ್ನೂ ಜೋಡಿಸುವುದು ನಮ್ಮೊಬ್ಬರದೇ ಅಲ್ಲ, ಇಡೀ ನೆರೆಹೊರೆಯ ಬಳಕೆ.

ಎರಡನೆಯ ಹೆಜ್ಜೆ: ಕ್ರಿಯಾಪದವನ್ನು ಆರಿಸಿ

ಇಲ್ಲಿ ನಿಧಾನವಾಗಿ ಓದಿ. ಉಳಿದ ಹೆಜ್ಜೆಗಳೆಲ್ಲ ಇದರ ಮೇಲೆ ನಿಂತಿವೆ.

ರಾತ್ರಿಯ ಕನಸು ಬೀಳುತ್ತದೆ. ಯಾರಿಗೆ? ನನಗೆ, ಅವಳಿಗೆ, ಮಗುವಿಗೆ. ಚತುರ್ಥಿ ವಿಭಕ್ತಿ. ಹಸಿವಾಗುವುದು, ಜ್ವರ ಬರುವುದು, ನೆನಪಾಗುವುದು ಎಲ್ಲದರಲ್ಲೂ ಕನ್ನಡ ಇದೇ ರಚನೆಯನ್ನು ಬಳಸುತ್ತದೆ. ಅನುಭವ ನನ್ನದು, ಆದರೆ ಮಾಡಿದವನು ನಾನಲ್ಲ. ಕೆಟ್ಟ ಕನಸು ಬಿದ್ದದ್ದಕ್ಕೆ ಯಾರೂ ಯಾರನ್ನೂ ಬೈಯುವುದಿಲ್ಲ.

ಹಗಲುಗನಸಾದರೋ ಬೀಳುವುದಿಲ್ಲ, ಅದನ್ನು ನಾವೇ ಕಾಣುತ್ತೇವೆ. ನಾನು, ಅವಳು, ಮಗು. ಪ್ರಥಮಾ ವಿಭಕ್ತಿ, ಕರ್ತೃ. ಮಾಡುವವರು ನಾವೇ, ಆದ್ದರಿಂದ ಹೊಣೆಯೂ ನಮ್ಮದೇ. "ಹಗಲುಗನಸು ಕಾಣಬೇಡ" ಎಂದು ಬೈಯಲು ಸಾಧ್ಯವಾಗುವುದು ಇದರಿಂದಲೇ. ಎಚ್ಚರದಲ್ಲಿದ್ದೂ, ಕಣ್ಣು ತೆರೆದಿದ್ದೂ, ಮನಸ್ಸು ತನಗೆ ಹಿತವಾದ ಇನ್ನೊಂದು ಜಗತ್ತನ್ನು ತಾನೇ ಕಟ್ಟಿಕೊಂಡು ಅದರಲ್ಲಿ ಓಡಾಡುವುದು: ಪದದ ವ್ಯಾಖ್ಯೆ ಬೇಕೆಂದರೆ ನಾನು ಇದನ್ನೇ ಕೊಡುತ್ತೇನೆ.

ಈ ವ್ಯಾಖ್ಯೆಯಿಂದ ಎರಡು ಸಂಗತಿಗಳು ಹೊರಡುತ್ತವೆ. ಮೊದಲನೆಯದು, ಹಗಲುಗನಸಿಗೆ ಹಗಲು ಬೇಕಾಗಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಪುಸ್ತಕ ಮುಚ್ಚಿ, ಚಾವಣಿ ನೋಡುತ್ತ ತಹಶೀಲ್ದಾರರ ಜೀಪಿನಲ್ಲಿ ತನ್ನೂರಿಗೆ ಹೋದಂತೆ ಊಹಿಸಿಕೊಳ್ಳುವ ಹುಡುಗ ಕಾಣುತ್ತಿರುವುದು ಹಗಲುಗನಸನ್ನೇ. ಇಲ್ಲಿ ಹಗಲು ಎಂದರೆ ಹೊತ್ತಲ್ಲ, ಎಚ್ಚರ. ಎರಡನೆಯದು, ಹಗಲಿನಲ್ಲಿ ಬಿದ್ದ ಕನಸೆಲ್ಲ ಹಗಲುಗನಸಲ್ಲ. ಏಪ್ರಿಲ್ ಬಿಸಿಲಿಗೆ ಊಟ ಮಾಡಿ ಒರಗಿದಾಗ ಕಣ್ಣು ಹತ್ತಿ ಕನಸು ಬಿದ್ದರೆ ಅದು ಕನಸು ಮಾತ್ರ. ಅದನ್ನು "ಮಧ್ಯಾಹ್ನದ ನಿದ್ದೆಯಲ್ಲಿ ಬಿದ್ದ ಕನಸು" ಎಂದೇ ಬರೆಯಿರಿ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಇಂದಿಗೂ ಇದೆ. ಆ ಮಾತಿನಲ್ಲಿರುವುದೂ ಬೀಳುವ ಕನಸು. ಹಗಲುಗನಸಿಗೆ ಶಕುನದ ಗೌರವವನ್ನು ಯಾರೂ ಕೊಟ್ಟಿಲ್ಲ.

ಕಾಣು ಎಂಬುದರ ಜೊತೆಗೆ ಇನ್ನಷ್ಟು ಕ್ರಿಯಾಪದಗಳು ಈ ಪದಕ್ಕೆ ಒಗ್ಗುತ್ತವೆ. ಪ್ರತಿಯೊಂದೂ ಅರ್ಥವನ್ನು ಒಂದಿಷ್ಟು ವಾಲಿಸುತ್ತದೆ. "ಹಗಲುಗನಸಿನಲ್ಲಿ ತೇಲುತ್ತಿದ್ದಳು" ಎಂದರೆ ಹಗುರ, ಸುಖ, ಅಪಾಯವಿಲ್ಲ. "ಹಗಲುಗನಸಿನಲ್ಲಿ ಮುಳುಗಿದ್ದಳು" ಎಂದರೆ ಸುತ್ತಲಿನ ಪರಿವೆ ಹೋಗಿದೆ, ಬಸ್ ನಿಲ್ದಾಣ ದಾಟಿದರೂ ತಿಳಿದಿಲ್ಲ. "ಹಗಲುಗನಸಿಗೆ ಜಾರಿದಳು" ಎಂದಾಗ ಹೊಣೆ ಸ್ವಲ್ಪ ಕಡಿಮೆಯಾಗುತ್ತದೆ, ಬೇಕೆಂದು ಹೋದದ್ದಲ್ಲ, ಕಾಲು ತಪ್ಪಿತು ಎಂಬ ಛಾಯೆ. ಮಕ್ಕಳ ಬಗ್ಗೆ, ದಣಿದವರ ಬಗ್ಗೆ ಬರೆಯುವಾಗ ನಾನು ಜಾರು ಎಂಬುದನ್ನೇ ಬಳಸುತ್ತೇನೆ, ಅದರಲ್ಲಿ ಕರುಣೆ ಇದೆ. ಹಗಲುಗನಸಿನಿಂದ ಹೊರಬರಲು "ಎಚ್ಚೆತ್ತಳು" ಎಂಬುದಕ್ಕಿಂತ "ವಾಸ್ತವಕ್ಕೆ ಮರಳಿದಳು" ಎಂಬುದು ಸರಿ. ಆಕೆ ಮಲಗಿರಲೇ ಇಲ್ಲವಲ್ಲ.

ಒಗ್ಗದ ಕ್ರಿಯಾಪದಗಳೂ ಇವೆ. "ಹಗಲುಗನಸು ನೋಡು" ಹಿಂದಿಯ ನೆರಳು. ಕನ್ನಡದಲ್ಲಿ ಸಿನಿಮಾ ನೋಡುತ್ತೇವೆ, ಕನಸು ಕಾಣುತ್ತೇವೆ. "ಕನಸು ಹೊತ್ತು ಧಾರವಾಡಕ್ಕೆ ಬಂದರು" ಸೊಗಸಾದ ವಾಕ್ಯ, "ಹಗಲುಗನಸು ಹೊತ್ತು ಬಂದರು" ಎಂಬುದು ಅಲ್ಲ. ಹೊರುವುದಕ್ಕೆ ಭಾರ ಬೇಕು, ಹಗಲುಗನಸಿಗೆ ಭಾರವಿಲ್ಲ. ಹಾಗೆಯೇ "ಕನಸು ನನಸಾಯಿತು" ಸರಿ, "ಹಗಲುಗನಸು ನನಸಾಯಿತು" ಎಂದು ಬರೆದರೆ ಓದುಗ ಗೊಂದಲಕ್ಕೆ ಬೀಳುತ್ತಾನೆ. ನನಸಾಗುವುದಿಲ್ಲ ಎಂಬ ತೀರ್ಮಾನವನ್ನು ಪದ ತನ್ನೊಳಗೇ ಇಟ್ಟುಕೊಂಡಿದೆ. ಜನರು ಹಗಲುಗನಸೆಂದು ಕರೆದದ್ದು ನಿಜವಾಗಿಯೇ ನಡೆದುಹೋದ ಸಂದರ್ಭವನ್ನು ಹೇಳಬೇಕಾದರೆ, "ಹಗಲುಗನಸು ಎಂದು ಊರವರು ಹೇಳಿದ್ದು ನಿಜವಾಯಿತು" ಎಂದು ಆ ತೀರ್ಮಾನ ಯಾರದೆಂದು ತೋರಿಸಿ ಬರೆಯಿರಿ.

ಮೂರನೆಯ ಹೆಜ್ಜೆ: ಯಾರ ಮೇಲೆ ತೀರ್ಪು ಕೊಡುತ್ತಿದ್ದೀರಿ ಎಂದು ಕೇಳಿಕೊಳ್ಳಿ

ಹಗಲುಗನಸು ಎಂದ ಕೂಡಲೇ ಎರಡು ತೀರ್ಪುಗಳು ಹೊರಬೀಳುತ್ತವೆ. ಒಂದು, ಇದು ಆಗುವಂಥದ್ದಲ್ಲ. ಇನ್ನೊಂದು, ಇದನ್ನು ಬಯಸುವವನು ಅದಕ್ಕಾಗಿ ಏನೂ ಮಾಡುತ್ತಿಲ್ಲ. ಮೊದಲನೆಯದನ್ನು ಎಲ್ಲರೂ ಗಮನಿಸುತ್ತಾರೆ. ಎರಡನೆಯದನ್ನು ಮರೆಯುತ್ತಾರೆ.

ರಾಜಕೀಯ ಭಾಷಣದಲ್ಲಿ ಈ ಪದ ಎರಡನ್ನೂ ತಿಳಿದೇ ಬಳಕೆಯಾಗುತ್ತದೆ. "ಅಧಿಕಾರಕ್ಕೆ ಬರುತ್ತೇವೆ ಎಂದು ವಿರೋಧಿಗಳು ಹಗಲುಗನಸು ಕಾಣುತ್ತಿದ್ದಾರೆ" ಎಂಬ ವಾಕ್ಯ ಚುನಾವಣೆ ಬಂದಾಗಲೆಲ್ಲ ಎಲ್ಲ ಪಕ್ಷದವರ ಬಾಯಲ್ಲೂ ಕೇಳಿಬರುತ್ತದೆ. ಅದು ಅಣಕ, ಮತ್ತು ಅಣಕವಾಗಿ ಅದು ಸರಿಯಾದ ಬಳಕೆ. ಸುದ್ದಿ ಬರೆಯುವವರು ಅದನ್ನು ಉದ್ಧರಣ ಚಿಹ್ನೆಯೊಳಗೇ ಇಡಬೇಕು. ಚಿಹ್ನೆ ಬಿಟ್ಟರೆ ಅಣಕ ಪತ್ರಿಕೆಯದಾಗುತ್ತದೆ.

ಸಮಸ್ಯೆ ಇರುವುದು ಇಂಥ ವಾಕ್ಯದಲ್ಲಿ: "ಮಹದಾಯಿ ನೀರು ಉತ್ತರ ಕರ್ನಾಟಕದ ರೈತರಿಗೆ ಹಗಲುಗನಸಾಗಿದೆ." ಪ್ರಬಂಧಗಳಲ್ಲಿ ನಾನು ಕೆಂಪು ಗೆರೆ ಎಳೆಯುವ ವಾಕ್ಯಗಳಲ್ಲಿ ಇದು ಮುಖ್ಯವಾದದ್ದು. ಬರೆದವರ ಮನಸ್ಸಿನಲ್ಲಿ ರೈತರ ಪರವಾದ ನೋವಿದೆ, ಆದರೆ ವಾಕ್ಯ ಹೇಳುವುದು ಅದರ ವಿರುದ್ಧವನ್ನು. ಮಹದಾಯಿ ನದಿಗೆ ಸೇರುವ ಕಳಸಾ–ಬಂಡೂರಿ ನಾಲೆಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು 2015ರಿಂದ ನರಗುಂದ, ನವಲಗುಂದದಲ್ಲಿ ಜನರು ಧರಣಿ ಕುಳಿತರು. ಈ ನದಿನೀರಿನ ವಿವಾದಕ್ಕೆಂದು 2010ರಲ್ಲಿ ರಚನೆಯಾದ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರನ್ನು ಹಂಚಿತು. ಬೀದಿಗಿಳಿದು ಹೋರಾಡಿದವರ, ನ್ಯಾಯಮಂಡಳಿಯ ತೀರ್ಪು ಕೈಯಲ್ಲಿರುವವರ ಬೇಡಿಕೆ ಹಗಲುಗನಸು ಹೇಗಾದೀತು? ಅವರು ಕುಳಿತು ಕಲ್ಪಿಸಿಕೊಳ್ಳಲಿಲ್ಲ, ಕುಳಿತದ್ದು ಧರಣಿಗೆ. ಇಲ್ಲಿ ಬರಬೇಕಾದ ಪದ ಬಿಸಿಲುಗುದುರೆ, ಅಥವಾ ಅದರ ಸಂಸ್ಕೃತ ರೂಪ ಮರೀಚಿಕೆ. ಬಿಸಿಲುಗುದುರೆಯಲ್ಲಿ ಓಡುವವನ ತಪ್ಪಿಲ್ಲ. ಅವನು ಹೋದಷ್ಟೂ ಅದು ಹಿಂದೆ ಸರಿಯುತ್ತದೆ. "ಮಹದಾಯಿ ನೀರು ರೈತರಿಗೆ ಇಂದಿಗೂ ಬಿಸಿಲುಗುದುರೆಯಾಗಿದೆ" ಎಂದಾಗ ದೂರು ಸರಿಯಾದ ದಿಕ್ಕಿಗೆ ತಿರುಗುತ್ತದೆ. "ಕನಸಾಗಿಯೇ ಉಳಿದಿದೆ" ಎಂದರೂ ಸರಿ.

ಗಗನಕುಸುಮ ಇನ್ನೊಂದು. ಆಕಾಶದಲ್ಲಿ ಅರಳಿದ ಹೂವು, ಅಂದರೆ ಇರಲಾರದ್ದು, ಕೈಗೆ ಎಟುಕದ್ದು. "ಬಡವರಿಗೆ ಚಿನ್ನ ಗಗನಕುಸುಮವಾಗಿದೆ" ಎಂದು ಬರೆಯಬಹುದು. ಇದರಲ್ಲಿಯೂ ಬಯಸುವವರ ಮೇಲೆ ಆರೋಪವಿಲ್ಲ. ಆರೋಪ ಇರುವುದು ಹಗಲುಗನಸಿನಲ್ಲಿ ಮಾತ್ರ. ಆದ್ದರಿಂದ ಸುಲಭದ ಪರೀಕ್ಷೆ ಹೀಗೆ: ವಾಕ್ಯದ ಕೊನೆಗೆ "ಏಕೆಂದರೆ ಅವರು ಅದಕ್ಕಾಗಿ ಏನೂ ಮಾಡುತ್ತಿಲ್ಲ" ಎಂದು ಸೇರಿಸಿ ಓದಿ. ನೀವು ಹೇಳಬೇಕಾದ್ದು ಅದೇ ಆಗಿದ್ದರೆ ಹಗಲುಗನಸು ಇರಲಿ. ಆ ಮಾತು ಅನ್ಯಾಯವೆನ್ನಿಸಿದರೆ ಪದ ಬದಲಿಸಿ.

ಕನಸುಗಾರ ಎಂಬ ಪದ ಹೊಗಳಿಕೆ ಎಂಬುದನ್ನೂ ಇಲ್ಲಿ ನೆನಪಿಡಿ. ಊರಿಗೆ ಶಾಲೆ ತಂದವರನ್ನು, ಕೆರೆ ಉಳಿಸಿದವರನ್ನು ಕನಸುಗಾರ ಎನ್ನುತ್ತೇವೆ. ಹಗಲು ಎಂಬ ಮೂರು ಅಕ್ಷರ ಮುಂದೆ ಸೇರಿದೊಡನೆ ಹೊಗಳಿಕೆ ತೆಗಳಿಕೆಯಾಗುತ್ತದೆ.

ನಾಲ್ಕನೆಯ ಹೆಜ್ಜೆ: ಬಂಧುಬಳಗದಿಂದ ಸರಿಯಾದವರನ್ನು ಕರೆಯಿರಿ

ಹಗಲುಗನಸಿನ ಸುತ್ತ ಕನ್ನಡದಲ್ಲಿ ದೊಡ್ಡ ಬಳಗವಿದೆ. ಎಲ್ಲರೂ ಒಂದೇ ಎಂದು ಬಗೆದು ಒಂದೇ ಪ್ಯಾರಾದಲ್ಲಿ ಮೂರು ಪದ ಸುರಿಯುವವರಿದ್ದಾರೆ. ಹಾಗಲ್ಲ.

ಗಾಳಿಗೋಪುರವನ್ನು ಕಟ್ಟುತ್ತೇವೆ. ಇದರಲ್ಲಿ ಯೋಜನೆ ಇದೆ, ಲೆಕ್ಕವಿದೆ, ಅಂತಸ್ತಿನ ಮೇಲೆ ಅಂತಸ್ತಿದೆ. ಇಲ್ಲದಿರುವುದು ಅಡಿಪಾಯ ಮಾತ್ರ. ಬ್ಯಾಡಗಿ ಮೆಣಸಿನಕಾಯಿಗೆ ಈ ವರ್ಷ ಇಂತಿಷ್ಟು ದರ ಬಂದೇ ಬರುತ್ತದೆ ಎಂದು ನಂಬಿ, ಆ ಹಣದಲ್ಲಿ ಟ್ರ್ಯಾಕ್ಟರ್, ಟ್ರ್ಯಾಕ್ಟರ್ ಬಾಡಿಗೆಯಲ್ಲಿ ಹಾವೇರಿಯಲ್ಲೊಂದು ನಿವೇಶನ ಎಂದು ಮುಂದುವರಿದರೆ ಅದು ಗಾಳಿಗೋಪುರ. ಅದೇ ರೈತ ಬೇಲಿಯ ಬಳಿ ಕುಳಿತು ಹೊಸ ಮನೆಯ ಅಂಗಳದಲ್ಲಿ ಮೊಮ್ಮಗ ಓಡಾಡುವುದನ್ನು ಕಣ್ಣ ಮುಂದೆ ತಂದುಕೊಂಡರೆ ಅದು ಹಗಲುಗನಸು. ಒಂದರಲ್ಲಿ ಲೆಕ್ಕಾಚಾರ, ಇನ್ನೊಂದರಲ್ಲಿ ಚಿತ್ರ. ಸರ್ಕಾರದ ಬಜೆಟ್ಟನ್ನು, ಕಂಪನಿಯ ಭರವಸೆಗಳನ್ನು ಟೀಕಿಸುವಾಗ ಗಾಳಿಗೋಪುರವೇ ಸೂಕ್ತ.

ಮನಸ್ಸಿನಲ್ಲೇ ಮಂಡಿಗೆ ತಿನ್ನುವುದು ನನಗೆ ಬಹಳ ಪ್ರಿಯವಾದ ನುಡಿಗಟ್ಟು, ನಮ್ಮ ಭಾಗದ್ದು ಎಂಬ ಅಭಿಮಾನವೂ ಅದಕ್ಕೆ ಸೇರಿದೆ. ಮಂಡಿಗೆ ಎಂದರೆ ಕಾಗದದಷ್ಟು ತೆಳ್ಳಗೆ ಹರಡಿದ ಹಾಳೆಯನ್ನು ಬೋರಲು ಹಾಕಿದ ಕಾದ ಪಾತ್ರೆಯ ಮೇಲೆ ಬೇಯಿಸಿ, ಸಕ್ಕರೆ, ತುಪ್ಪ, ಖೋವಾದ ಹೂರಣದೊಂದಿಗೆ ಮಡಿಚುವ ಸಿಹಿ. ಬೆಳಗಾವಿ ಇದಕ್ಕೆ ಹೆಸರಾದ ಊರು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಕಾಲದ, ಅಂದರೆ 12ನೇ ಶತಮಾನದ ಗ್ರಂಥದಲ್ಲಿಯೇ ಮಂಡಕ ಎಂಬ ತಿನಿಸಿನ ವಿವರಣೆ ಸಿಗುತ್ತದೆ. ಮಂಡಿಗೆ ಮಾಡುವುದು ಕಷ್ಟ, ಅದಕ್ಕೆ ನುರಿತ ಕೈ ಬೇಕು, ಮದುವೆಯಂಥ ಸಮಾರಂಭ ಬೇಕು. ಮನಸ್ಸಿನಲ್ಲಿ ತಿನ್ನುವುದಕ್ಕೆ ಇದಾವುದೂ ಬೇಡ. ಮರಾಠಿಯಲ್ಲಿಯೂ ಮನದಲ್ಲೇ ಮಾಂಡೆ ತಿನ್ನುವ ಇದೇ ಮಾತಿದೆ. ಎರಡು ಭಾಷೆಗಳು ಒಂದೇ ಅಡುಗೆಮನೆಯನ್ನು ಹಂಚಿಕೊಂಡ ಸೀಮೆಯಲ್ಲಿ ಇದು ಸಹಜ. ಬಳಕೆಯ ಸೂಚನೆ ಇಷ್ಟು: ಬಯಸಿದ್ದನ್ನು ಪಡೆಯದೆಯೇ ಪಡೆದ ತೃಪ್ತಿ ಬಂದುಬಿಟ್ಟಿದೆ ಎಂದು ಹೇಳಬೇಕಾದಾಗ ಈ ನುಡಿಗಟ್ಟು ಬೇಕು. ಹಗಲುಗನಸಿನಲ್ಲಿ ಬಯಕೆ ಇನ್ನೂ ಇದೆ, ಮಂಡಿಗೆಯಲ್ಲಿ ಹಸಿವೇ ಹೋಗಿದೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಹಗಲುಗನಸಲ್ಲ. ಅಲ್ಲಿ ಕೆಲಸ ನಡೆದಿದೆ, ಹೊತ್ತಿಗೆ ಮುಂಚೆ ನಡೆದಿದೆ ಅಷ್ಟೇ. ಫಲಿತಾಂಶ ಬರುವ ಮೊದಲೇ ಅಭಿನಂದನೆಯ ಫಲಕ ಬರೆಸಿದವರಿಗೆ ಈ ಗಾದೆ.

ತಿರುಕನ ಕನಸು ಎಂಬ ಮಾತು ಮುಪ್ಪಿನ ಷಡಕ್ಷರಿಯ ಪದ್ಯದಿಂದ ಬಂದು ಗಾದೆಯ ಸ್ಥಾನ ಪಡೆದಿದೆ. ಮುರುಕು ಧರ್ಮಶಾಲೆಯಲ್ಲಿ ಒರಗಿದ ತಿರುಕ ರಾಜನಾಗಿ, ಮಕ್ಕಳ ಮದುವೆಯವರೆಗೆ ಬಾಳಿ, ಕೊನೆಗೆ ಶತ್ರುಸೈನ್ಯದ ಭಯದಿಂದ ಕಣ್ಣು ಬಿಡುತ್ತಾನೆ. ಅವನು ಮಲಗಿದ್ದವನು, ಕಣ್ಣು ಬಿಟ್ಟಾಗ ಎಲ್ಲವೂ ಇಲ್ಲವಾಯಿತು. ಆದ್ದರಿಂದ ಪಡೆದದ್ದು ಕ್ಷಣದಲ್ಲಿ ಕರಗಿದ್ದನ್ನು, ಐಶ್ವರ್ಯದ ಅಸ್ಥಿರತೆಯನ್ನು ಹೇಳಲು ಇದು ಹೊಂದುತ್ತದೆ. ಪರೀಕ್ಷೆಗೆ ಓದದೆ ಹುದ್ದೆ ಬಯಸುವವನಿಗೆ ಹೊಂದುವುದಿಲ್ಲ.

ಮನೋರಾಜ್ಯ ಸ್ವಲ್ಪ ಗಂಭೀರವಾದ, ಗ್ರಂಥಸ್ಥ ಪದ. ಅಣಕದ ಮೊನೆ ಇದರಲ್ಲಿ ಕಡಿಮೆ. ಕಥೆ, ಲಲಿತ ಪ್ರಬಂಧಗಳಲ್ಲಿ ಚೆನ್ನಾಗಿ ಕೂರುತ್ತದೆ, ಸುದ್ದಿಯಲ್ಲಿ ಬೇಡ.

ದಿವಾಸ್ವಪ್ನದ ಬಗ್ಗೆ ಮಾತ್ರ ಎಚ್ಚರ. ಹಿಂದಿ, ಮರಾಠಿ ಓದಿದವರು ಹಗಲುಗನಸಿಗೆ ಇದನ್ನು ಬಳಸುತ್ತಾರೆ. ಆದರೆ ಸಂಸ್ಕೃತದಲ್ಲಿ ಸ್ವಪ್ನ ಎಂದರೆ ಕನಸೂ ಹೌದು, ನಿದ್ದೆಯೂ ಹೌದು. ಆಯುರ್ವೇದ ಗ್ರಂಥಗಳಲ್ಲಿ ದಿವಾಸ್ವಪ್ನ ಎಂದರೆ ಹಗಲುನಿದ್ದೆ. ಅದು ಕಫವನ್ನು ಹೆಚ್ಚಿಸುತ್ತದೆ, ಗ್ರೀಷ್ಮ ಋತುವಿನಲ್ಲಿ ಮಾತ್ರ ಹಿತ ಎಂದು ಅಲ್ಲಿ ಹೇಳಿದೆ. ಆರೋಗ್ಯದ ಲೇಖನವೊಂದನ್ನು ಕನ್ನಡಕ್ಕೆ ತರುವಾಗ "ಹಗಲುಗನಸು ಕಫವನ್ನು ಹೆಚ್ಚಿಸುತ್ತದೆ" ಎಂದು ಬರೆದುಬಿಟ್ಟರೆ ಓದುಗನಿಗೆ ತಲೆಬುಡ ತಿಳಿಯುವುದಿಲ್ಲ. ಕನ್ನಡದ ಕನಸಿಗೆ ನಿದ್ದೆ ಎಂಬ ಅರ್ಥ ಎಂದೂ ಇಲ್ಲ. ಈ ಸ್ಪಷ್ಟತೆ ನಮ್ಮ ಪದದ ಬಲ.

ಐದನೆಯ ಹೆಜ್ಜೆ: ಮನೋವಿಜ್ಞಾನದ ಬರಹ ಅನುವಾದಿಸುವಾಗ ಒಂದು ಪದವನ್ನು ಮೂರಾಗಿ ಒಡೆಯಿರಿ

ಇಂಗ್ಲಿಷಿನ ಡೇಡ್ರೀಮಿಂಗ್ ಕನ್ನಡದ ಹಗಲುಗನಸಿಗಿಂತ ಅಗಲವಾದ ಪದ. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಸಿಂಗರ್ 1950ರ ದಶಕದಿಂದ ಈ ವಿಷಯದ ಅಧ್ಯಯನಕ್ಕೆ ಬುನಾದಿ ಹಾಕಿದವರು. ಅವರು ಅದರಲ್ಲಿ ಮೂರು ಬಗೆಗಳನ್ನು ಗುರುತಿಸಿದರು: ಲವಲವಿಕೆಯ, ಹಿತವಾದ, ಏನನ್ನೋ ಕಟ್ಟುವ ಕಲ್ಪನೆಗಳು; ತಪ್ಪಿತಸ್ಥ ಭಾವ ಮತ್ತು ಸೋಲಿನ ಭಯ ತುಂಬಿದ ಕಲ್ಪನೆಗಳು; ಗಮನವನ್ನು ಎಲ್ಲಿಯೂ ನಿಲ್ಲಿಸಲಾಗದ ಚಂಚಲತೆ. ಕನ್ನಡದಲ್ಲಿ ಹಗಲುಗನಸು ಎನಿಸಿಕೊಳ್ಳುವುದು ಮೊದಲನೆಯದು ಮಾತ್ರ. ಫಲಿತಾಂಶದ ಪಟ್ಟಿಯಲ್ಲಿ ತನ್ನ ಹೆಸರಿಲ್ಲದ್ದನ್ನು, ಅಪ್ಪನ ಮುಖ ಬಾಡಿದ್ದನ್ನು ಮತ್ತೆ ಮತ್ತೆ ಕಲ್ಪಿಸಿಕೊಂಡು ಬೆವರುವ ಅಭ್ಯರ್ಥಿಯನ್ನು ಕನ್ನಡಿಗರು ಯಾರೂ ಹಗಲುಗನಸು ಕಾಣುತ್ತಿದ್ದಾನೆ ಎನ್ನುವುದಿಲ್ಲ. ಅದು ಕಳವಳ, ಕೊರಗು. ಮೂರನೆಯದು ಅನ್ಯಮನಸ್ಕತೆ. ಅನುವಾದಿಸುವಾಗ ಈ ಮೂರು ಪದಗಳನ್ನು ಮೂರು ಕಡೆ ಇಡಿ.

ಇನ್ನೊಂದು ಗೊಂದಲ ಪದೇ ಪದೇ ಕಾಣುತ್ತದೆ. 2010ರಲ್ಲಿ ಮನೋವಿಜ್ಞಾನದ ಸಂಶೋಧಕರಾದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಐಫೋನ್ ಮೂಲಕ 2,250 ವಯಸ್ಕರನ್ನು ಅವರವರ ದಿನಚರಿಯ ನಡುವೆಯೇ ಪ್ರಶ್ನಿಸಿ, ಶೇ 46.9ರಷ್ಟು ಸಂದರ್ಭಗಳಲ್ಲಿ ಅವರ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲಿರಲಿಲ್ಲ ಎಂದು ವರದಿ ಮಾಡಿದರು. ಇದನ್ನು "ಮನುಷ್ಯ ಅರ್ಧದಷ್ಟು ಹೊತ್ತು ಹಗಲುಗನಸು ಕಾಣುತ್ತಾನೆ" ಎಂದು ಅನುವಾದಿಸಬಾರದು. ಅವರು ಅಳೆದದ್ದು ಮನಸ್ಸಿನ ಅಲೆದಾಟವನ್ನು. ಅದರಲ್ಲಿ ಗ್ಯಾಸ್ ಸಿಲಿಂಡರ್ ಬುಕ್ ಮಾಡಬೇಕೆಂಬ ನೆನಪೂ ಇದೆ, ನಿನ್ನೆಯ ಜಗಳವೂ ಇದೆ. ಅಲೆದಾಟದಲ್ಲಿ ಮನಸ್ಸು ಹೋದಲ್ಲಿ ಹೋಗುತ್ತದೆ, ಹಗಲುಗನಸಿನಲ್ಲಿ ತಾನು ಆರಿಸಿದಲ್ಲಿಗೆ ಹೋಗುತ್ತದೆ.

ಜರ್ಮನಿ ಮೂಲದ ಮನೋವಿಜ್ಞಾನಿ ಗೇಬ್ರಿಯೆಲ್ ಓಟಿಂಗನ್ ಅವರ ಸಂಶೋಧನೆ ನಮ್ಮ ನುಡಿಗಟ್ಟಿಗೆ ತೀರ ಹತ್ತಿರ ಬರುತ್ತದೆ. ಬಯಸಿದ್ದು ಈಡೇರಿದಂತೆ ಸುಂದರವಾಗಿ ಕಲ್ಪಿಸಿಕೊಳ್ಳುವುದರಿಂದಲೇ ಅದನ್ನು ಸಾಧಿಸುವ ಚೈತನ್ಯ ಕುಗ್ಗುತ್ತದೆ ಎಂದು ಅವರು ಹೆದರ್ ಬ್ಯಾರಿ ಕ್ಯಾಪ್ಪಸ್ ಜೊತೆ 2011ರಲ್ಲಿ ತೋರಿಸಿದರು. ಕಲ್ಪನೆಯ ಬೆನ್ನಿಗೇ ಎದುರಾಗುವ ಅಡ್ಡಿಯನ್ನೂ ಮನಸ್ಸಿಗೆ ತಂದುಕೊಳ್ಳಬೇಕು ಎಂಬುದು ಅವರ ಸಲಹೆ. ಇದನ್ನು ಕನ್ನಡದಲ್ಲಿ ವಿವರಿಸಲು ಹೊಸ ಪದ ಹುಡುಕಬೇಕಾಗಿಲ್ಲ. ಮನಸ್ಸಿನಲ್ಲಿ ಮಂಡಿಗೆ ತಿಂದವನಿಗೆ ಒಲೆ ಹಚ್ಚುವ ತುರ್ತು ಇರುವುದಿಲ್ಲ ಎಂದರೆ ಧಾರವಾಡದ ಯಾವ ಓದುಗನಿಗೂ ಅರ್ಥವಾಗುತ್ತದೆ.

ದಿನದ ಬಹುಪಾಲು ಕಲ್ಪನೆಯಲ್ಲಿಯೇ ಕಳೆದು, ಓದು, ಕೆಲಸ, ಸಂಬಂಧಗಳು ಕೆಡುವ ಸ್ಥಿತಿಯೂ ಇದೆ. ಅದಕ್ಕೆ ಇಸ್ರೇಲಿನ ಮನೋವಿಜ್ಞಾನಿ ಎಲೀ ಸೋಮರ್ 2002ರಲ್ಲಿ ಮಾಲಡಾಪ್ಟಿವ್ ಡೇಡ್ರೀಮಿಂಗ್ ಎಂಬ ಪ್ರತ್ಯೇಕ ಹೆಸರು ಕೊಟ್ಟರು. ಅಮೆರಿಕದ ಮನೋವೈದ್ಯರ ಅಧಿಕೃತ ರೋಗಪಟ್ಟಿಯಲ್ಲಿ ಅದು ಸೇರಿಲ್ಲ. ಅಂಥವರ ಬಗ್ಗೆ ಬರೆಯುವಾಗ ಬರಿಯ ಹಗಲುಗನಸು ಎಂಬ ಪದ ಸಾಲದು, ಅದು ನೋವಿನಲ್ಲಿರುವವರನ್ನು ಸೋಮಾರಿಗಳೆಂದು ಕರೆಯುತ್ತದೆ. "ಬದುಕನ್ನು ಬಾಧಿಸುವ ಹಗಲುಗನಸು" ಎಂದೋ "ಹಿಡಿತಕ್ಕೆ ಸಿಗದ ಕಲ್ಪನಾಮಗ್ನತೆ" ಎಂದೋ ಬಿಡಿಸಿ ಬರೆಯಿರಿ. ಉದ್ದವಾದರೂ ಪರವಾಗಿಲ್ಲ.

ಆರನೆಯ ಹೆಜ್ಜೆ: ತಿದ್ದಿ ನೋಡಿ

ಕೆಳಗಿನ ವಾಕ್ಯಗಳನ್ನು ನಾನೇ ಕಟ್ಟಿದ್ದೇನೆ. ಪ್ರತಿಯೊಂದನ್ನೂ ಓದಿ, ಮೊದಲು ನೀವೇ ತಿದ್ದಿ, ಆಮೇಲೆ ಮುಂದೆ ಹೋಗಿ.

"ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತಿದ್ದ ಅವಳಿಗೆ ಹಗಲುಗನಸು ಬಿದ್ದು ಉಣಕಲ್ ನಿಲ್ದಾಣ ತಪ್ಪಿತು." ಅವಳು ನಿದ್ದೆ ಮಾಡಿದ್ದರೆ ಹಗಲು ಎಂಬುದನ್ನು ತೆಗೆಯಿರಿ. ಎಚ್ಚರವಿದ್ದರೆ "ಅವಳು ಹಗಲುಗನಸಿನಲ್ಲಿ ಮುಳುಗಿ ಉಣಕಲ್ ನಿಲ್ದಾಣದಲ್ಲಿ ಇಳಿಯುವುದನ್ನೇ ಮರೆತಳು."

"ಗದಗಿನ ವೀರನಾರಾಯಣ ದೇವಾಲಯದ ಕಂಬಕ್ಕೆ ಒರಗಿ ಕುಮಾರವ್ಯಾಸ ಹಗಲುಗನಸು ಕಾಣುತ್ತ ಕಾವ್ಯ ಬರೆದನೆಂದು ಜನ ನಂಬುತ್ತಾರೆ." ಪದ ಇಲ್ಲಿ ಕವಿಯನ್ನು ಕೆಳಗಿಳಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಕುಳಿತು, ಬಟ್ಟೆ ಆರುವವರೆಗೆ ಬರೆಯುತ್ತಿದ್ದನೆಂಬ ಐತಿಹ್ಯದ ಮನುಷ್ಯನಿಗೆ ಧ್ಯಾನ, ತನ್ಮಯತೆ ಎಂಬ ಪದಗಳು ಬೇಕು. ಫಲ ಕೊಟ್ಟ ಕಲ್ಪನೆಗೆ ಕನ್ನಡ ಹಗಲುಗನಸು ಎನ್ನುವುದಿಲ್ಲ, ಪ್ರತಿಭೆ ಎನ್ನುತ್ತದೆ.

"ಹಳ್ಳಿಯ ಹುಡುಗಿಯರಿಗೆ ಉನ್ನತ ಶಿಕ್ಷಣ ಹಗಲು ಗನಸಾಗಿದೆ." ಎರಡು ದೋಷಗಳಿವೆ. ಕಾಗುಣಿತ ತಪ್ಪು. ಅದಕ್ಕಿಂತ ದೊಡ್ಡದು, ಹುಡುಗಿಯರ ಮೇಲೆ ಹೊರಿಸಿದ ಆರೋಪ. ಬಸ್ ಇಲ್ಲದ, ವಸತಿನಿಲಯ ಸಿಗದ ಊರಿನ ಮಾತಾದರೆ "ಗಗನಕುಸುಮವಾಗಿದೆ" ಎಂದು ಬರೆಯಿರಿ, ಹಾಗೂ ಕಾರಣವನ್ನು ಅದೇ ವಾಕ್ಯದಲ್ಲಿ ಹೇಳಿ.

"ನಾಳೆಯಿಂದ ನಸುಕಿನಲ್ಲೇ ಏಳುತ್ತೇನೆ ಎಂದು ಗೆಳೆಯ ತಿಂಗಳುಗಟ್ಟಲೆ ಹಗಲುಗನಸು ಕಾಣುತ್ತಿದ್ದಾನೆ." ಇದು ಹಗಲುಗನಸಲ್ಲ, ಬರಿಯ ಮುಂದೂಡಿಕೆ. ಹಗಲುಗನಸಿನಲ್ಲಿ ಚಿತ್ರವಿರಬೇಕು, ಇಲ್ಲಿರುವುದು ಸಂಕಲ್ಪ ಮಾತ್ರ.

ಕೊನೆಯದು ಶಿಕ್ಷಕರಿಗೆ. ಪ್ರಗತಿ ಪತ್ರದಲ್ಲಿ "ನಿಮ್ಮ ಮಗ ತರಗತಿಯಲ್ಲಿ ಹಗಲುಗನಸು ಕಾಣುತ್ತಾನೆ" ಎಂದು ಬರೆಯುವ ಮುನ್ನ, ಅವನ ಮನಸ್ಸು ಎಲ್ಲಿಗೆ ಹೋಗುತ್ತಿದೆ ಎಂದು ಅವನನ್ನೇ ಕೇಳಿ. ಕ್ರಿಕೆಟ್ ಮೈದಾನಕ್ಕೆ ಹೋಗುತ್ತಿದ್ದರೆ ವಾಕ್ಯ ಸರಿ. ಮನೆಯ ಜಗಳಕ್ಕೋ ಅಮ್ಮನ ಕಾಯಿಲೆಗೋ ಹೋಗುತ್ತಿದ್ದರೆ ಅದು ಕಳವಳ, ಹಾಗೆಂದೇ ಬರೆಯಬೇಕು. ಎಲ್ಲಿಗೂ ಹೋಗದೆ ಹಲಗೆಯ ಅಕ್ಷರಗಳೇ ಕಾಣದೆ ಅವನು ಕಿಟಕಿಯತ್ತ ತಿರುಗಿದ್ದರೆ, ಬರೆಯಬೇಕಾದ್ದು ಕಣ್ಣಿನ ಪರೀಕ್ಷೆ ಮಾಡಿಸಿ ಎಂದು.